ಹಡಗಿನ ಊಟಕ್ಕೆ ಹೊಲಿದ ಬಿಳಿ ಫ್ರಾಕು

ಹಡಗಿನಲ್ಲಿ ರಾತ್ರಿಯೂಟಕ್ಕೆ ಮಕ್ಕಳು ಎಂಥ ಬಟ್ಟೆ ಹಾಕಿಕೊಳ್ಳಬೇಕು ಎಂಬ ವಿಷಯದಲ್ಲಿ ಮಂಗಳೂರಿನಲ್ಲಿ ನನ್ನಷ್ಟು ತರಬೇತಿ ಪಡೆದವರು ಬೇರೆ ಯಾರೂ ಇರಲಿಕ್ಕಿಲ್ಲ. ನಾಲ್ಕು ವರ್ಷ ಕಲಿತಿದ್ದೇನೆ. ಪರೀಕ್ಷೆಯ ದಿನ ಎದ್ದು ಹೊರಗೆ ಬಂದೆ, ಅದು ಬೇರೆ ಮಾತು. ಹೀಗಿರುವಾಗ ಮೊನ್ನೆ ನನ್ನ ಮಗಳು ಸ್ಮಿತಾ, ಎಂಟು ವರ್ಷದ ಮಗ ವಿಹಾನನನ್ನು ಕ್ರೂಸಿಗೆ ಕರೆದುಕೊಂಡು ಹೋಗುವ ಸಂಭ್ರಮದಲ್ಲಿ, ದೇರೆಬೈಲಿನ ನನ್ನ ಫ್ಲಾಟಿನ ಸೋಫಾದ ತುಂಬ ಅವನ ಬಟ್ಟೆ ಹರಡಿ ಕೂತಾಗ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಾಗಲಿಲ್ಲ. ಅಲ್ಲಿದ್ದದ್ದು ಐದು ಚಡ್ಡಿ, ಒಂದಷ್ಟು ಕಾರ್ಟೂನಿನ ಟೀಶರ್ಟು, ಒಂದು ಜೊತೆ ರಬ್ಬರ್ ಚಪ್ಪಲಿ. ಊಟಕ್ಕೆ ಹೋಗುವಾಗ ಎಂತ ಹಾಕಿಸುವುದು ಎಂದು ಕೇಳಿದೆ. ಇದೇ ಎಂದಳು. ನಾನು ಒಳಗೆ ಹೋಗಿ, ಅವನಿಗೆಂದು ಹಂಪನಕಟ್ಟೆಯಿಂದ ತಂದಿಟ್ಟಿದ್ದ ನೀಲಿ ಪ್ಯಾಂಟನ್ನು ತಂದು ಅವಳ ಮುಂದೆ ಇಟ್ಟೆ. ಅದು ಎರಡು ಇಂಚು ಉದ್ದವಿತ್ತು. ಕಂಕನಾಡಿಯ ಟೈಲರು ನಾಲ್ಕು ದಿನ ಬಿಟ್ಟು ಬನ್ನಿ ಎಂದಿದ್ದ. ಇವರು ಹೊರಡುವುದು ಮೂರನೆಯ ದಿನ. ಸ್ಮಿತಾ ಪ್ಯಾಂಟನ್ನು ಮುಟ್ಟಲೂ ಇಲ್ಲ.

“ಅಮ್ಮ, ಅವ ಸಣ್ಣ ಹುಡುಗ. ಊಟದ ದೊಡ್ಡ ಹಾಲಿಗೆ ಚಡ್ಡಿ ಆಗುದಿಲ್ಲ ಅಂತಾದ್ರೆ ಮೇಲೆ ಬಫೆ ಉಂಟು, ಅಲ್ಲಿ ತಿಂತೇವೆ. ನೀನು ಎಂತಕ್ಕೆ ಇಷ್ಟು ತಲೆಬಿಸಿ ಮಾಡ್ತಿ?”

ಮಗಳಿಗೆ ಇದು ಮೊನ್ನೆಯ ತಲೆಬಿಸಿ. ನನಗೆ ನಲವತ್ತಾರು ವರ್ಷ ಹಳೆಯದು. ಕಿಟಕಿಯ ಬದಿಯ ಕುರ್ಚಿಯಲ್ಲಿ ಎಂಬತ್ತಮೂರು ವರ್ಷದ ನನ್ನ ಅಮ್ಮ ಹರಿವೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನನ್ನೊಟ್ಟಿಗೇ ಇರುವವಳು ಅವಳು. ಕಿವಿ ಸರಿಯಾಗಿಯೇ ಕೇಳಿಸುತ್ತದೆ, ಆದರೆ ಬೇಕಾದಾಗ ಮಾತ್ರ. ಅವಳು ತಲೆ ಎತ್ತಲಿಲ್ಲ.

ನಾನು ಬೆಳೆದದ್ದು ಕೊಡಿಯಾಲ್‌ಬೈಲಿನ ಒಂದು ಓಣಿಯ ತುದಿಯಲ್ಲಿದ್ದ ಹಂಚಿನ ಮನೆಯಲ್ಲಿ. ಮನೆ ಅಜ್ಜಿಯದು, ಅಂದರೆ ಅಮ್ಮನ ಅಮ್ಮನದು. ನಮ್ಮವರಲ್ಲಿ ಮನೆ ಹೆಂಗಸರ ಕಡೆಯಿಂದ ಬರುವುದು, ಮದುವೆಯಾಗಿ ಬಂದ ಗಂಡಸು ಅಲ್ಲಿ ಎಷ್ಟು ವರ್ಷವಾದರೂ ಅಳಿಯನೇ. ನನ್ನ ಅಪ್ಪ ಅಂಥ ಅಳಿಯ, ಅದರಲ್ಲಿಯೂ ವರ್ಷಕ್ಕೆ ಎರಡೇ ತಿಂಗಳು ಇರುವ ಅಳಿಯ. ಉಳಿದ ಹತ್ತು ತಿಂಗಳು ಅವರು ವಿದೇಶಿ ಪ್ರವಾಸಿಗಳನ್ನು ಊರೂರು ಸುತ್ತಿಸುವ ಒಂದು ದೊಡ್ಡ ಹಡಗಿನ ಊಟದ ಹಾಲಿನಲ್ಲಿ ಸ್ಟುವರ್ಡ್ ಆಗಿದ್ದರು. ಅಮ್ಮ ಆ ಶಬ್ದವನ್ನು ಎದೆಯುಬ್ಬಿಸಿ ಹೇಳುತ್ತಿದ್ದಳು. ಅಜ್ಜಿ ಮಾತ್ರ ಯಾರಾದರೂ ಕೇಳಿದರೆ ಅಳಿಯಂದಿರು ಹಡಗಿನಲ್ಲಿ ಬಡಿಸುತ್ತಾರೆ ಎನ್ನುತ್ತಿದ್ದಳು. ಒಂದು ಕಾಲದಲ್ಲಿ ಹತ್ತಾರು ಒಕ್ಕಲುಗಳಿದ್ದ ಮನೆಯ ಹೆಂಗಸು ‘ಬಡಿಸುತ್ತಾರೆ’ ಎಂದರೆ ಅದರಲ್ಲಿ ಎಷ್ಟು ಹುಳಿ ಇರುತ್ತದೆ ಎಂದು ಕೇಳಿದವರಿಗೇ ಗೊತ್ತು. ಅಪ್ಪ ಅದನ್ನು ಕೇಳಿಯೂ ಕೇಳದ ಹಾಗೆ ಪೇಪರು ಓದುತ್ತಿದ್ದರು.

ಅಜ್ಜಿಯ ಆಳ್ವಿಕೆಯಲ್ಲಿ ಊಟಕ್ಕೆ ಒಂದು ಕ್ರಮವಿತ್ತು. ಹೊರಗಿನಿಂದ ಬಂದವರು ಕಾಲು ತೊಳೆಯಬೇಕು, ಹೊರಗಿನ ಬಟ್ಟೆ ಬಿಚ್ಚಬೇಕು. ಗಂಡಸರಾದರೆ ಅಂಗಿ ತೆಗೆದು ಹೆಗಲಿಗೆ ಬೈರಾಸು ಎಂಬ ತೆಳು ಟವೆಲು ಹಾಕಿಕೊಂಡು ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಮಣೆಯ ಮೇಲೆ ಕೂರಬೇಕು. ಕುಚ್ಚಲಕ್ಕಿಯ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ ಸಾರು, ಬೆವರು. ಹಳೆಯ ಫ್ರಾಕಿನಲ್ಲಿ ನಾನು, ಬರೇ ಚಡ್ಡಿಯಲ್ಲಿ ನನಗಿಂತ ಮೂರು ವರ್ಷ ಸಣ್ಣವನಾದ ತಮ್ಮ ದಿನು. ಹತ್ತು ತಿಂಗಳು ನಾವು ಹೀಗೆ ಉಂಡು ಸುಖವಾಗಿದ್ದೆವು. ಅಪ್ಪ ಬಂದರೆಂದರೆ ಕಥೆಯೇ ಬೇರೆ. ಅವರು ಎಲ್ಲಿಂದಲೋ ಒಂದು ಹಳೆಯ ಸಾಗುವಾನಿ ಮೇಜು ಕೊಂಡು ತಂದಿದ್ದರು. ಅದು ಒಳಗಿನ ಬಾಗಿಲಲ್ಲಿ ಹಿಡಿಸಲಿಲ್ಲ. ಉದ್ದಕ್ಕೆ ತಿರುಗಿಸಿ ನೋಡಿದರು, ಅಡ್ಡಕ್ಕೆ ನೋಡಿದರು, ಕೊನೆಗೆ ಚಾವಡಿಯಲ್ಲೇ ಬಿಟ್ಟರು. ಚಾವಡಿಯೆಂದರೆ ಓಣಿಗೆ ಎದುರು. ಹಾಗಾಗಿ ಸಂಜೆ ಏಳೂವರೆಗೆ, ದೀಪ ಉರಿಯುತ್ತಿರುವಾಗ, ನಾನು ಬಿಳಿ ಕಾಲುಚೀಲ ಹಾಕಿಕೊಂಡು, ದಿನು ಕುತ್ತಿಗೆಗೆ ಟೈ ಬಿಗಿದುಕೊಂಡು, ಇಡೀ ಓಣಿಗೆ ಕಾಣುವಂತೆ ಉಣ್ಣಬೇಕಾಯಿತು. ಪಕ್ಕದ ಮನೆಯ ಮಾಮಿ ಗೇಟಿನ ಹತ್ತಿರ ನಿಂತು ಇವತ್ತು ನಿಮ್ಮಲ್ಲಿ ಎಂತ ವಿಶೇಷ ಎಂದು ಕೇಳುತ್ತಿದ್ದರು. ಮರುದಿನವೂ ಅದನ್ನೇ ಕೇಳುತ್ತಿದ್ದರು. ಅವರಿಗೆ ಬೇಸರ ಬರಲೇ ಇಲ್ಲ.

ಇದಕ್ಕೆಲ್ಲ ಕಾರಣವಿತ್ತು. ಹತ್ತು ವರ್ಷ ಕೆಲಸ ಮಾಡಿದವರ ಹೆಂಡತಿ ಮಕ್ಕಳನ್ನು ಕಂಪೆನಿಯವರು ಒಂದು ಸಲ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಬೊಂಬಾಯಿಯಲ್ಲಿ ಹತ್ತುವುದು, ಕೊಚ್ಚಿಯಲ್ಲಿ ಇಳಿಯುವುದು, ನಡುವೆ ಎರಡು ರಾತ್ರಿ. ಕೆಲಸದವರ ಮನೆಯವರಿಗೆ ಊಟ ಕೆಳಗಿನ ಮೆಸ್ಸಿನಲ್ಲಿ. ಆದರೆ ಊಟದ ಹಾಲಿನ ಮುಖ್ಯಸ್ಥ ಮನಸ್ಸು ಮಾಡಿದರೆ ಒಂದು ರಾತ್ರಿ ದೊಡ್ಡ ಹಾಲಿನಲ್ಲಿ, ಪ್ರಯಾಣಿಕರ ನಡುವೆ, ಮೂಲೆಯ ಮೇಜಿನಲ್ಲಿ ಕೂರಿಸಬಹುದು. ಅಪ್ಪ ಆ ಒಂದು ರಾತ್ರಿಯ ಹಿಂದೆ ಬಿದ್ದಿದ್ದರು. ಆ ಹಾಲಿನಲ್ಲಿ ಮಕ್ಕಳ ಬಟ್ಟೆಯ ಬಗ್ಗೆ ಒಂದು ಅಚ್ಚು ಹಾಕಿದ ಕಾಗದವಿತ್ತು. ಅದನ್ನು ಅವರು ಮಡಚಿ ಕಿಸೆಯಲ್ಲಿ ಇಟ್ಟುಕೊಂಡು ತಂದಿದ್ದರು. ಆರು ದಾಟಿದ ಹುಡುಗರಿಗೆ ಉದ್ದ ಪ್ಯಾಂಟು, ಹುಡುಗಿಯರಿಗೆ ಮೊಣಕಾಲಿನ ಕೆಳಗೆ ಬರುವ ಫ್ರಾಕು. ಇಷ್ಟು ಕಾಗದದಲ್ಲಿತ್ತು. ಗೆಜ್ಜೆ ಸದ್ದು ಮಾಡಬಾರದು, ತಲೆಗೆ ಎಣ್ಣೆ ಜಾಸ್ತಿಯಾಗಬಾರದು, ಮಲ್ಲಿಗೆ ಮುಡಿಯಬಾರದು ಎಂಬುದೆಲ್ಲ ಅಪ್ಪನ ಸ್ವಂತ ಸೇರ್ಪಡೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎನ್ನುವವರ ಗಾದೆ ನಮ್ಮಲ್ಲಿ ತಿರುವುಮುರುವಾಗಿತ್ತು: ಹೊಟ್ಟೆಗೆ ಸಾಕಷ್ಟು ಇತ್ತು, ಮಲ್ಲಿಗೆಗೆ ನಿಷೇಧ. ಅಜ್ಜಿ ಮೊದಲ ಸಲ ಜೋರು ಮಾಡಿದ್ದೇ ಮಲ್ಲಿಗೆಯ ವಿಷಯದಲ್ಲಿ. ಸಂಜೆ ಹೊತ್ತು ಹೆಣ್ಣುಮಗುವಿನ ತಲೆಯಿಂದ ಹೂ ತೆಗೆಸುವವರನ್ನು ತಾನು ಎಲ್ಲಿಯೂ ಕಂಡಿಲ್ಲ ಎಂದಳು. ಆಮೇಲೆ, ನಮಗೆ ಕೇಳಿಸುವಂತೆ, ಬಾಗಿಲಲ್ಲಿ ನಿಂತು ಹೇಳಿದಳು:

“ಉಣ್ಣುವಾಗ ಎಲ್ಲರೂ ಅಂಗಿ ಬಿಚ್ಚುದು. ಇವರು ಹಾಕಿಸ್ತಾರೆ. ಇನ್ನು ಸ್ನಾನಕ್ಕೆ ಹೋಗುವಾಗ ಕೋಟು ಹಾಕ್ಲಿಕ್ಕೆ ಹೇಳ್ತಾರೋ ಏನೋ.”

ಮನೆಯಲ್ಲಿ ನಾವೆಲ್ಲ ತುಳು ಮಾತಾಡುವವರು. ಆದರೆ ಮೇಜಿನ ಪಾಠ ಮಾತ್ರ ಅಪ್ಪ ಕನ್ನಡದಲ್ಲಿ ಮಾಡುತ್ತಿದ್ದರು, ಶಾಲೆಯ ಮಾಸ್ತರರ ಹಾಗೆ. ಗಂಜಿಯ ತಿಳಿಯೇ ಸೂಪು. ಚಮಚವನ್ನು ನಮ್ಮ ಕಡೆಗೆ ಎಳೆಯಬಾರದು, ಆಚೆಗೆ ತಳ್ಳಿ ತುಂಬಿಸಿಕೊಳ್ಳಬೇಕು. ಏಳುವಾಗ ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿ ಹೋಗಬೇಕು. ದಿನುವಿಗೆ ಇದೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನನಗೆ ಹಾಗಲ್ಲ. ನನಗೆ ಆ ಹಾಲಿನಲ್ಲಿ ಕೂರಬೇಕಿತ್ತು. ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಆಸೆಯೂ ಇತ್ತು. ಸೆಕೆಯಲ್ಲಿ ಕಾಲುಚೀಲದೊಳಗೆ ಕಾಲು ಬೇಯುತ್ತಿದ್ದರೂ, ಅಪ್ಪ ಬಿಳಿ ಕೋಟಿನಲ್ಲಿ ಬಂದು ನನ್ನ ಮುಂದೆ ಸೂಪಿಡುವುದನ್ನು ನೆನೆಸಿಕೊಂಡು ತಡೆದುಕೊಳ್ಳುತ್ತಿದ್ದೆ. ಒಂದು ದಿನ ನಾನು ಅತ್ತುಕೊಂಡು, ನಾಲ್ಕು ಜನ ನೋಡಿ ನಗುತ್ತಾರೆ ಎಂದಾಗ ಅಪ್ಪ ಟೈ ಸರಿ ಮಾಡುತ್ತಿದ್ದವರು ಕೈ ಬಿಟ್ಟು ಹೇಳಿದ್ದು ಇಷ್ಟೆ:

“ಓಣಿಯವರು ನಗ್ಲಿ. ಅಲ್ಲಿ ಯಾರೂ ನಗಬಾರದು. ಬಡಿಸುವವನ ಮಕ್ಕಳು ಅಂತ ಅಲ್ಲಿ ಒಬ್ಬರಿಗೂ ಗೊತ್ತಾಗಬಾರದು.”

ಮೊದಲ ಫ್ರಾಕು ನನಗೆ ಎಂಟು ವರ್ಷವಾದಾಗ ಹೊಲಿದದ್ದು. ಅಮ್ಮನಿಗೆ ಹಿಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನು ಇತ್ತು; ಓಣಿಯ ಅರ್ಧ ಹೆಂಗಸರ ರವಿಕೆ ಅವಳದ್ದೇ ಕೈಯದು. ಹಸಿರು ಫ್ರಾಕು ಹೊಲಿದಳು. ಆ ವರ್ಷ ಹಡಗಿನಲ್ಲಿ ಖಾಲಿ ಕ್ಯಾಬಿನ್ ಇರಲಿಲ್ಲ. ಫ್ರಾಕು ಗಿಡ್ಡವಾಯಿತು. ಮುಂದಿನ ರಜೆಗೆ ನೇರಳೆ ಬಣ್ಣದ್ದು. ಆ ವರ್ಷ ಹಡಗು ಬೊಂಬಾಯಿಗೇ ಬರಲಿಲ್ಲ. ಮೂರನೆಯದರ ಬಣ್ಣ ನೆನಪಿಲ್ಲ, ಅದನ್ನು ಹಾಕಿಕೊಂಡು ಮದುವೆಯೊಂದಕ್ಕೆ ಹೋಗುತ್ತೇನೆಂದು ಹಟ ಮಾಡಿ ಪೆಟ್ಟು ತಿಂದದ್ದು ನೆನಪಿದೆ. ಹಡಗಿನ ಊಟದ ಫ್ರಾಕನ್ನು ಬೇರೆ ಕಡೆಗೆ ಹಾಕಬಾರದು. ಕಪಾಟಿನಲ್ಲಿ ಇಟ್ಟು ಬೆಳೆಯುತ್ತಾ ಕೂರಬೇಕು, ಅಷ್ಟೆ. ಮುಂದಿನ ವರ್ಷ, ಮುಂದಿನ ವರ್ಷ ಎಂದು ಕೇಳಿ ಕೇಳಿ ನನಗೆ ರೋಸಿ ಹೋಗಿತ್ತು. ಹನ್ನೆರಡನೆಯ ವರ್ಷಕ್ಕೆ ಕೊನೆಗೂ ಕಂಪೆನಿಯ ಕಾಗದ ಬಂತು. ಅಮ್ಮ ನಾಲ್ಕನೆಯ ಫ್ರಾಕು ಹೊಲಿದಳು, ಬಿಳಿ. ದಪ್ಪ ಬಟ್ಟೆ, ಮುಟ್ಟಿದರೆ ತಂಪು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಬಟ್ಟೆಯೊಳಗಿಂದ ಒಂದು ಬಳ್ಳಿ ಕಾಣುತ್ತಿತ್ತು, ನೇಯ್ಗೆಯಲ್ಲೇ ಬಂದದ್ದು. ಅಪ್ಪ ತಂದ ಫಾರಿನ್ ಬಟ್ಟೆ ಎಂದಳು. ನಾನು ಶಾಲೆಯಲ್ಲಿ ಕಂಡವರಿಗೆಲ್ಲ ಹೇಳಿದೆ.

ರಾತ್ರಿ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಹಡಗು ಹತ್ತಿದೆವು. ಮೊದಲ ರಾತ್ರಿ ಮೆಸ್ಸಿನಲ್ಲಿ ಊಟ. ಅಲ್ಲಿ ಅಪ್ಪನ ಜೊತೆಯವರು ಬನಿಯನ್ನಿನಲ್ಲಿ ಕೂತು, ಸ್ಟೀಲಿನ ಬಟ್ಟಲಿನಲ್ಲಿ ಅನ್ನ ಮೀನುಸಾರು ಕಲಸಿ ಉಣ್ಣುತ್ತಿದ್ದರು. ಅಜ್ಜಿ ನೋಡಿದ್ದರೆ ಖುಷಿಪಡುತ್ತಿದ್ದಳು. ಮರುದಿನ ಮಧ್ಯಾಹ್ನ ಅಪ್ಪ ದೊಡ್ಡ ಹಾಲಿನ ಬಾಗಿಲು ಸ್ವಲ್ಪ ತೆರೆದು ತೋರಿಸಿದರು. ಮೇಜುಗಳ ಮೇಲೆ ಸಾದಾ ಬಟ್ಟೆ, ಯಾರೂ ಇರಲಿಲ್ಲ. ಆ ಮೂಲೆಯದು ನಮ್ಮ ಮೇಜು ಎಂದರು. ರಾತ್ರಿಯೂಟಕ್ಕೆ ದಿನಾ ಬೇರೆಯೇ ಅಲಂಕಾರ, ಹಾಲ್ ಹೀಗೆಯೇ ಇರುವುದಿಲ್ಲ, ನೋಡುವಿಯಂತೆ ಎಂದರು. ಅಪ್ಪ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಸಂಜೆ ನಾವು ಮೂವರೂ ಹೋದೆವು. ಅಮ್ಮ ಮದುವೆಯ ಸೀರೆ ಉಟ್ಟಿದ್ದಳು. ಬಾಗಿಲಲ್ಲಿದ್ದವರು ನಮ್ಮನ್ನು ಮೂಲೆಯ ಮೇಜಿಗೆ ಕರೆದುಕೊಂಡು ಹೋಗಿ ಕುರ್ಚಿ ಎಳೆದು ಕೂರಿಸಿದರು. ನಾನು ಬೆನ್ನು ನೇರ ಮಾಡಿ ಕೂತೆ. ಹಾಲಿನ ತುಂಬ ದೀಪ. ದೀಪದ ಬೆಳಕು ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಮೇಜಿನ ಬಟ್ಟೆಯೊಳಗಿಂದ ಒಂದು ಬಳ್ಳಿ ಕಾಣುತ್ತಿತ್ತು. ನಾನು ಪಕ್ಕದ ಮೇಜು ನೋಡಿದೆ, ಅದರಾಚೆಯದನ್ನು ನೋಡಿದೆ. ಎಲ್ಲದರಲ್ಲಿಯೂ ಅದೇ ಬಳ್ಳಿ. ನಾನು ನೋಡಿ ಮುಗಿಸುವ ಮೊದಲೇ ದಿನುವಿಗೂ ಕಂಡಿತ್ತು.

“ಅಕ್ಕ, ನಿನ್ನ ಫ್ರಾಕನ್ನು ಎಲ್ಲಾ ಮೇಜಿಗೂ ಹಾಕಿದ್ದಾರೆ ನೋಡು.”

ಪಕ್ಕದ ಮೇಜಿನಲ್ಲಿ ನನ್ನ ಪ್ರಾಯದ ಒಬ್ಬಳು ಹುಡುಗಿ ಇದ್ದಳು. ಅವಳು ನನ್ನ ತೋಳನ್ನು ನೋಡಿದಳು, ಮೇಜನ್ನು ನೋಡಿದಳು, ಬಗ್ಗಿ ತನ್ನ ತಾಯಿಗೆ ಏನೋ ಹೇಳಿದಳು. ಅವರು ನಕ್ಕರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ನಾನು ಕಾಯಲಿಲ್ಲ. ಹಾಲಿನ ಆಚೆ ತುದಿಯ ಬಾಗಿಲಿನಿಂದ ಅಪ್ಪ ಬಿಳಿ ಕೋಟಿನಲ್ಲಿ ಸೂಪಿನ ಟ್ರೇ ಹಿಡಿದುಕೊಂಡು ಬರುತ್ತಿದ್ದರು. ನಾನು ಎದ್ದು ಹೊರಗೆ ನಡೆದೆ. ಏಳುವಾಗ ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿಯೇ ಎದ್ದೆ, ಅಷ್ಟು ಕಲಿತಿದ್ದೆ. ಅಮ್ಮ ಹಿಂದೆಯೇ ಬಂದಳು. ಕ್ಯಾಬಿನ್ನಿನ ಬಾಗಿಲು ಹಾಕಿ ನಾನು ಫ್ರಾಕನ್ನು ಕಿತ್ತು ನೆಲಕ್ಕೆ ಬಿಸಾಡಿದೆ. ಶಾಲೆಗೆಲ್ಲ ಫಾರಿನ್ ಬಟ್ಟೆ ಎಂದು ಹೇಳಿದ್ದೇನೆ, ಮೇಜಿನ ಬಟ್ಟೆ ಉಡಿಸಿ ನನ್ನನ್ನು ಮೇಜಿನ ಮುಂದೆ ಕೂರಿಸಿದ್ದೀಯಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಇದು ಯಾರ ಬುದ್ಧಿ, ಅಪ್ಪನಿಗೆ ಗೊತ್ತುಂಟಾ ಎಂದು ಕೇಳಿದೆ. ಅಮ್ಮ ಫ್ರಾಕನ್ನು ಎತ್ತಿ, ಕೊಡವಿ, ಮಡಚಿದಳು.

“ನಾನೇ ಕತ್ತರಿಸಿದ್ದು. ಮನೆಯ ಮೇಜಿಗೆ ಹಾಸಲಿಕ್ಕೆ ಅಂತ ಅಪ್ಪ ತಂದು ಕೊಟ್ಟಿದ್ರು. ಕತ್ತರಿಸಿದ್ದು ಅವರಿಗೆ ಗೊತ್ತಿಲ್ಲ, ಫ್ರಾಕಿನ ಬಟ್ಟೆ ಅಂಗಡಿಯದ್ದು ಅಂತ ಎಣಿಸಿದ್ದಾರೆ.”

ಹತ್ತು ಮೇಜಿನಾಚೆಗಿನ ಸಾಸಿವೆಯಷ್ಟು ಕಲೆಯನ್ನು ಕಾಣುವ ಮನುಷ್ಯನಿಗೆ ದಿನಾ ತಾನು ಹಾಸುವ ಬಟ್ಟೆಯ ಗುರುತು ಸಿಗಲಿಲ್ಲ ಎಂದರೆ ಹೇಗೆ ನಂಬಿದೆನೋ. ಸಿಟ್ಟು ಬಂದವರಿಗೆ ಒಬ್ಬರು ಕೈಗೆ ಸಿಕ್ಕಿದರೆ ಸಾಕಾಗುತ್ತದೆ. ಆ ರಾತ್ರಿ ದೊಡ್ಡ ಹಾಲಿನಲ್ಲಿ ಟೈ ಕಟ್ಟಿಕೊಂಡ ಒಂಬತ್ತು ವರ್ಷದ ದಿನು ಒಬ್ಬನೇ ಉಂಡ. ಅಪ್ಪ ಮೂರು ಸೂಪು ತಂದಿಟ್ಟರಂತೆ. ಎರಡು ತಣ್ಣಗಾದ ಮೇಲೆ ತೆಗೆದುಕೊಂಡು ಹೋದರಂತೆ. ಆಮೇಲೆ ಮೀನು ಬಂದಾಗಲೂ ಮೂರು ತಟ್ಟೆ, ಐಸ್‌ಕ್ರೀಮು ಬಂದಾಗಲೂ ಮೂರು. ಇದನ್ನು ದಿನು ದೊಡ್ಡ ತಮಾಷೆಯ ಹಾಗೆ ಹೇಳುತ್ತಿದ್ದ. ಕೆಲಸ ಮುಗಿಸಿ ಅಪ್ಪ ಕ್ಯಾಬಿನ್ನಿಗೆ ಬಂದಾಗ ಕೈಯಲ್ಲಿ ನ್ಯಾಪ್ಕಿನ್ನಿನಲ್ಲಿ ಸುತ್ತಿದ ಎರಡು ಬನ್ನು ಇತ್ತು. ಹಸಿವಾಗಿರಬಹುದು, ತಿನ್ನು ಎಂದರು. ನಾನು ಗೋಡೆಯ ಕಡೆಗೆ ತಿರುಗಿ ಮಲಗಿದೆ. ಫ್ರಾಕಿನ ಬಗ್ಗೆ ಅವರು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮುಂದಿನ ರಜೆಯಲ್ಲಿ ಮೇಜಿನ ಪಾಠ ನಿಂತಿತು. ನಾವು ಒಳಗೆ ಮಣೆಯ ಮೇಲೆ ಕೂತು ಉಂಡೆವು, ಅಪ್ಪನೂ ಬೈರಾಸು ಹಾಕಿಕೊಂಡು ಬಂದು ಕೂತರು. ಅಜ್ಜಿ ಅವರಿಗೆ ಒಂದು ತುಂಡು ಮೀನು ಹೆಚ್ಚು ಬಡಿಸಿದಳು. ಚಾವಡಿಯ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಬಂತು. ನಾನು ಗೆದ್ದೆ ಎಂದುಕೊಂಡೆ.

ಅಪ್ಪನ ಮೇಲೆ ನನಗೆ ಸಿಟ್ಟಿರಲಿಲ್ಲ. ಪಾಪ, ಅವರಿಗೆ ಗೊತ್ತಿಲ್ಲವಲ್ಲ. ಸಿಟ್ಟೆಲ್ಲ ಅಮ್ಮನ ಮೇಲೆ, ಅದೂ ಒಂದೆರಡು ದಿನದ್ದಲ್ಲ. ಅವಳು ಹೊಲಿದದ್ದನ್ನು ನಾನು ಆಮೇಲೆ ಮೈಗೆ ಹಾಕಲಿಲ್ಲ. ಪಕ್ಕದ ಮನೆಯ ಹುಡುಗಿಯರೆಲ್ಲ ಅಮ್ಮನ ಕೈಯ ಲಂಗ ಹಾಕಿಕೊಂಡು ತಿರುಗುತ್ತಿದ್ದರೆ ನಾನು ರೆಡಿಮೇಡ್ ಬೇಕೆಂದು ಊಟ ಬಿಟ್ಟೆ. ನನ್ನ ಮದುವೆಯ ರವಿಕೆಯನ್ನು ಪೇಟೆಯ ಟೈಲರಿಗೆ ಕೊಟ್ಟೆ. ಅದನ್ನು ಹೋಗಿ ತಂದವಳು ಅಮ್ಮನೇ. ಸ್ಮಿತಾ ಹುಟ್ಟಿದಾಗ ಅಮ್ಮ ಹೊಲಿದು ತಂದ ಸಣ್ಣ ಅಂಗಿಗಳನ್ನು ಚಂದ ಉಂಟು ಎಂದು ಹೇಳಿ ಕಪಾಟಿನ ಅಡಿಗೆ ಇಟ್ಟೆ. ಮೇಜಿನ ಬಟ್ಟೆಯ ಕಥೆಯನ್ನು ಮಾತ್ರ ನಾನು ನೆಂಟರಿಷ್ಟರ ಮುಂದೆ ನಗುತ್ತಾ ಹೇಳುತ್ತಿದ್ದೆ, ಅವಳಿಗೆ ಚುಚ್ಚಲಿ ಎಂದೇ ಹೇಳುತ್ತಿದ್ದೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಮುಂದೆ ಒಂದು ಸಲವೂ ಹೇಳಿರಲಿಲ್ಲ.

ಮೊನ್ನೆಯೂ ಅದನ್ನೇ ತೆಗೆದೆ. ಮಕ್ಕಳಿಗೆ ಬಟ್ಟೆ ಸರಿಯಿಲ್ಲದಿದ್ದರೆ ಏನಾಗುತ್ತದೆಂದು ನಿನಗೆ ಗೊತ್ತಿಲ್ಲ, ನಿನ್ನ ಅಜ್ಜಿ ನನಗೆ ಎಂಥದ್ದರಲ್ಲಿ ಫ್ರಾಕು ಹೊಲಿದಿದ್ದಳು ಗೊತ್ತಾ ಎಂದು ಸ್ಮಿತಾಳಿಗೆ ಸುರು ಮಾಡಿದೆ. ನೂರು ಸಲ ಕೇಳಿದ ಕಥೆ. ಅವಳು ಮೊಬೈಲು ನೋಡುತ್ತಾ ಹೂಂಗುಟ್ಟಿದಳು. ಕಿಟಕಿಯ ಬದಿಯಿಂದ ಅಮ್ಮ ಮಾತಾಡಿದಳು. ಹರಿವೆಯ ದಂಟು ಕೈಯಲ್ಲೇ ಇತ್ತು.

“ಆ ಬಟ್ಟೆ ಆರಿಸಿದ್ದು ನಾನಲ್ಲ. ನಿನ್ನ ಅಪ್ಪ.”

ಹೇಳಲು ಹೊರಟ ಮೇಲೆ ಅವಳು ನಿಲ್ಲಿಸಲಿಲ್ಲ. ಆ ಬಟ್ಟೆಯ ಮೇಲೆ ಅಪ್ಪನ ಕಣ್ಣು ಎರಡು ವರ್ಷ ಮೊದಲೇ ಬಿದ್ದಿತ್ತಂತೆ. ಯಾರದೋ ಚುರುಟಿನಿಂದ ಮೂಲೆ ಸುಟ್ಟ ತುಂಡು. ಬಿಸಾಡುವಾಗ ತನಗೆ ಕೊಡು ಎಂದು ಬಟ್ಟೆ ಕೋಣೆಯವನಿಗೆ ಹೇಳಿ ಇಟ್ಟಿದ್ದರಂತೆ. ಇಡೀ ಹಡಗಿನಲ್ಲಿ ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ, ಅಲ್ಲಿ ಕೂರುವ ಹೆಂಗಸರ ಮೈಮೇಲೂ ಇಲ್ಲ, ಮಗಳು ಇದನ್ನು ಹಾಕಿಕೊಂಡು ಬಂದರೆ ಆ ಹಾಲಿನಲ್ಲಿ ಕೂರುವವಳ ಹಾಗೆಯೇ ಕಾಣುತ್ತಾಳೆ ಎಂದಿದ್ದರಂತೆ. ಬಳ್ಳಿಯ ಅಂಚು ಎಲ್ಲಿ ಬರಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಟ್ಟದ್ದೂ ಅವರೇ. ಹದಿನಾಲ್ಕು ವರ್ಷ ದಿನಾ ಕೈಯಲ್ಲಿ ಸವರಿ ಹಾಸಿದ ಬಟ್ಟೆ ಅದು. ಅವರ ಕಣ್ಣಿಗೆ ಅದು ಮೇಜಿನ ಬಟ್ಟೆ ಅಂತ ಕಂಡಿರಲೇ ಇಲ್ಲ ಎಂದಳು ಅಮ್ಮ.

ಮತ್ತೆ ಅವತ್ತು ‘ನಾನೇ ಕತ್ತರಿಸಿದ್ದು’ ಎಂದು ನೀನು ಯಾಕೆ ಹೇಳಿದೆ ಎಂದು ಕೇಳಿದೆ. ನನ್ನ ಸ್ವರ ಜೋರಾಗಿತ್ತು. ವಿಹಾನ ಆಟ ನಿಲ್ಲಿಸಿ ನೋಡಿದ.

“ಅವರು ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿ ಇರುವವರು. ಆ ಎರಡು ತಿಂಗಳೂ ನೀನು ಮುಖ ತಿರುಗಿಸಿದ್ರೆ ಅವರಿಗೆ ಎಂತ ಉಳೀತದೆ? ನಾನು ದಿನಾ ಇರುವವಳು. ಸಿಟ್ಟು ನನ್ನ ಮೇಲೆ ಇದ್ರೆ ನಡೀತದೆ ಅಂತ ಎಣಿಸಿದೆ.”

ನಡೆಯಿತು, ನಲವತ್ತಾರು ವರ್ಷ ನಡೆಯಿತು. ನನಗೆ ಆಗಲೂ ಮೊದಲು ಬಂದದ್ದು ಸಿಟ್ಟೇ. ಒಂದು ಮಾತು ಮೊದಲೇ ಹೇಳಬಹುದಿತ್ತು. ಅಪ್ಪ ಹೋದ ಮೇಲಾದರೂ ಹೇಳಬಹುದಿತ್ತು. ರವಿಕೆಯ ದಿನ ಹೇಳಬಹುದಿತ್ತು, ಆ ಸಣ್ಣ ಅಂಗಿಗಳ ದಿನ ಹೇಳಬಹುದಿತ್ತು. ಹೀಗೆಲ್ಲ ಬಾಯಿಗೆ ಬಂತು. ಹೇಳಿದ್ದರೆ ನಾನು ಕೇಳುವವಳಾಗಿದ್ದೆನಾ ಎಂದು ಅವಳು ತಿರುಗಿ ಕೇಳಬಹುದಿತ್ತು. ಅವಳು ಕೇಳಲಿಲ್ಲ, ಹರಿವೆಯ ಎಲೆ ಒಂದು ಕಡೆ, ದಂಟು ಒಂದು ಕಡೆ ಮಾಡುತ್ತಾ ಕೂತಳು. ಸ್ಮಿತಾ ಮೊಬೈಲನ್ನು ಮಗುಚಿ ಇಟ್ಟಿದ್ದಳು.

ನಾನು ಸೋಫಾದಿಂದ ನೀಲಿ ಪ್ಯಾಂಟನ್ನು ಎತ್ತಿಕೊಂಡು ಹೋಗಿ, ಸೊಪ್ಪಿನ ತಟ್ಟೆಯನ್ನು ಸರಿಸಿ, ಅಮ್ಮನ ಮಡಿಲಲ್ಲಿ ಇಟ್ಟೆ. ಎರಡು ಇಂಚು ಮಡಚಿ ಹೊಲಿದು ಕೊಡು ಎಂದೆ. ಅಮ್ಮ ಕೈಯನ್ನು ಸೀರೆಗೆ ಒರಸಿಕೊಂಡು ಪ್ಯಾಂಟಿನ ಅಂಚನ್ನು ಬೆರಳಲ್ಲಿ ತಿರುವಿ ನೋಡಿದಳು. ಕಾಲಿನ ಅಳತೆಗೆ ವಿಹಾನನನ್ನು ಹತ್ತಿರ ಕರೆದು ನಿಲ್ಲಿಸಿದಳು.

“ಸೂಜಿಗೆ ನೂಲು ಹಾಕಿ ಕೊಡು. ನನಗೆ ಕಣ್ಣು ಕಾಣುದಿಲ್ಲ.”

ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ನೂಲು ಸೂಜಿಯೊಳಗೆ ಹೋಗಲು ನಾಲ್ಕು ಸಲ ಬೇಕಾಯಿತು.